ನಿಂತಲ್ಲೇ ಕುಸಿಯುವ ಮಗುವಿಗೆ ಟಿಲ್ಟ್ ಟೆಸ್ಟ್: ಔಷಧಿ ಕೊಟ್ಟು ಮಾಡುವ ಪರೀಕ್ಷೆಗೆ ಒಪ್ಪುವ ಮುನ್ನ

"ಶಾಲೆಯ ಪ್ರಾರ್ಥನೆಗೆ ನಿಂತಿದ್ದ ಮಗಳು ಧೊಪ್ಪನೆ ಬಿದ್ದಳು. ಇದು ಎರಡನೇ ಸಲ. ಡಾಕ್ಟರು ಟಿಲ್ಟ್ ಟೆಸ್ಟ್ ಮಾಡಿಸಿ ಅಂತಿದ್ದಾರೆ. ಔಷಧಿ ಕೊಟ್ಟು ಬೇಕಂತಲೇ ಎಚ್ಚರ ತಪ್ಪಿಸ್ತಾರಂತೆ. ಮಾಡಿಸಬಹುದಾ?"

ಹೆಸರು, ಊರು ಬದಲಾಗುತ್ತದೆ. ಪ್ರಶ್ನೆ ಮಾತ್ರ ಇದೇ. ಅದಕ್ಕೇ ಒಂದು ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಚಿಕ್ಕ ಉತ್ತರ ಮೊದಲು. ತಲೆ ಸುತ್ತಿ ಬೀಳುವ ಹೆಚ್ಚಿನ ಮಕ್ಕಳಿಗೆ, ಟೇಬಲ್ ಮೇಲೆ ಮಲಗಿಸಿ ಟೇಬಲ್ ಸಮೇತ ಎತ್ತಿ ನಿಲ್ಲಿಸುವ ಈ ಪರೀಕ್ಷೆ ಬೇಕೇ ಆಗುವುದಿಲ್ಲ. ಬೇಕಾದ ಮಕ್ಕಳಿಗೆ, ಸರಿಯಾದ ಜಾಗದಲ್ಲಿ ಮಾಡಿಸಿದರೆ ಭಯಪಡಬೇಕಾಗಿಲ್ಲ. ಆದರೆ ಟೇಬಲ್ ಹತ್ತಿಸುವ ಮುಂಚೆ ಮುಗಿಯಬೇಕಾದ ಕೆಲಸಗಳಿವೆ. ಅವನ್ನು ಬಿಟ್ಟು ನೇರವಾಗಿ ಟೇಬಲ್‌ಗೆ ಹೋದರೆ ಬರುವ ಉತ್ತರ ದಾರಿ ತಪ್ಪಿಸಬಹುದು.

ಮಗು ಯಾಕೆ ಬೀಳುತ್ತದೆ ಅನ್ನೋದನ್ನು ಮೊದಲು ನೋಡೋಣ. ನಾವು ಎದ್ದು ನಿಂತ ತಕ್ಷಣ ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ದೊಡ್ಡವರಲ್ಲಿ ಅರ್ಧ ಲೀಟರಿಗೂ ಜಾಸ್ತಿ. ಆಗ ನರಗಳು ರಕ್ತನಾಳಗಳನ್ನು ಬಿಗಿ ಮಾಡುತ್ತವೆ, ಹೃದಯ ಸ್ವಲ್ಪ ಜೋರಾಗಿ ಬಡಿಯುತ್ತದೆ, ತಲೆಗೆ ರಕ್ತ ಸರಿಯಾಗಿ ಹೋಗುತ್ತದೆ. ಕೆಲವು ಮಕ್ಕಳಲ್ಲಿ ಬಿಸಿಲು, ಹಸಿವು, ಭಯ, ಸೂಜಿ ಇಂಥದ್ದೇನಾದರೂ ಸೇರಿದಾಗ ಇದೆಲ್ಲ ತಿರುವುಮುರುವಾಗುತ್ತದೆ. ನಾಳಗಳು ಸಡಿಲವಾಗುತ್ತವೆ, ಹೃದಯ ನಿಧಾನವಾಗುತ್ತದೆ. ತಲೆಗೆ ರಕ್ತ ಸಾಲದೆ ಮಗು ಕುಸಿಯುತ್ತದೆ. ಮಲಗಿದ ಕೂಡಲೇ ರಕ್ತ ವಾಪಸ್ ಬಂದು ಎಚ್ಚರವಾಗುತ್ತದೆ. ಇದಕ್ಕೆ ಡಾಕ್ಟರು ಹೇಳುವ ಹೆಸರು ವೇಸೋವೇಗಲ್ ಸಿಂಕೋಪ್. ಸಿಂಕೋಪ್ ಅಂದರೆ ತಲೆಗೆ ರಕ್ತ ಸಾಲದೆ ಸ್ವಲ್ಪ ಹೊತ್ತು ಎಚ್ಚರ ತಪ್ಪುವುದು, ಅಷ್ಟೇ. ಹದಿಹರೆಯದಲ್ಲಿ ಇದು ತುಂಬ ಸಾಮಾನ್ಯ, ಹುಡುಗಿಯರಲ್ಲಿ ಇನ್ನೂ ಜಾಸ್ತಿ.

ಟಿಲ್ಟ್ ಟೇಬಲ್ ಈ ಸನ್ನಿವೇಶವನ್ನು ಡಾಕ್ಟರ ಕಣ್ಣೆದುರಿಗೆ ತರುತ್ತದೆ. ಮಗುವನ್ನು ಮಂಚಕ್ಕೆ ಬೆಲ್ಟ್ ಹಾಕಿ, ಮಂಚವನ್ನೇ ಎತ್ತಿ ನಿಲ್ಲಿಸಿ, ನಾಡಿ ಮತ್ತು ಬಿಪಿ ನೋಡುತ್ತಾರೆ. ಕಾರಣ ತಿಳಿಯದೆ ಎಚ್ಚರ ತಪ್ಪುವವರಿಗೆ ಇದನ್ನು ಬಳಸಬಹುದೆಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯ ವೈದ್ಯರು 1986ರಲ್ಲಿ ತೋರಿಸಿದರು. ಆಮೇಲೆ ಇದು ಎಲ್ಲೆಡೆ ಹರಡಿತು.

1. ಬಿದ್ದ ದಿನ ಏನಾಯ್ತು, ಬರೆದಿಡಿ

ಯಾವ ಯಂತ್ರಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಆದರೆ ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ಇಲ್ಲಿ ಒಂದು ಪದದ ತೊಂದರೆ ಇದೆ. ನಮ್ಮಲ್ಲಿ ತಲೆ ಸುತ್ತಿ ಬಿದ್ದರೂ "ಮೂರ್ಛೆ ಹೋದ" ಅಂತೀವಿ, ಫಿಟ್ಸ್‌ಗೂ "ಮೂರ್ಛೆ ರೋಗ" ಅಂತೀವಿ. ಒಳಗೆ ಆಗುವುದು ಮಾತ್ರ ಬೇರೆ ಬೇರೆ. ಒಂದರಲ್ಲಿ ತಲೆಗೆ ರಕ್ತ ಸಾಲುವುದಿಲ್ಲ, ಇನ್ನೊಂದರಲ್ಲಿ ಮೆದುಳಿನ ವಿದ್ಯುತ್ ಏರುಪೇರಾಗುತ್ತದೆ. ಈ ಒಂದು ಪದದಿಂದಾಗಿಯೇ ಬರೀ ತಲೆ ಸುತ್ತಿ ಬಿದ್ದ ಮಗು ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗುವ ಹಾಗಾಗಬಾರದು. ಹಾಗಾಗಿ ಡಾಕ್ಟರ ಹತ್ತಿರ "ಮೂರ್ಛೆ ಬಂತು" ಎಂದು ಹೇಳಿ ನಿಲ್ಲಿಸಬೇಡಿ. ಕಂಡದ್ದನ್ನು ಕಂಡ ಹಾಗೆ ಹೇಳಿ.

ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಲ್ಲಿ, ಎಷ್ಟು ಗಂಟೆಗೆ? ನಿಂತಿತ್ತಾ, ಕೂತಿತ್ತಾ, ಮಲಗಿತ್ತಾ, ಓಡುತ್ತಿತ್ತಾ? ಬೆಳಿಗ್ಗೆ ತಿಂಡಿ ತಿಂದಿತ್ತಾ? ಬೀಳುವ ಮುಂಚೆ ಕಣ್ಣು ಕತ್ತಲೆ, ವಾಕರಿಕೆ, ಬೆವರು, ಕಿವಿಯಲ್ಲಿ ಗುಂಯ್ ಅನ್ನುವುದು ಏನಾದರೂ ಆಯಿತಾ? ಮುಖ ಬಿಳಿಚಿಕೊಂಡಿತ್ತಾ? ಕಣ್ಣು ತೆರೆದಿತ್ತಾ, ಮುಚ್ಚಿತ್ತಾ? ಎಷ್ಟು ಹೊತ್ತಿಗೆ ಎದ್ದಿತು, ಎದ್ದಾಗ ಗುರುತು ಸಿಕ್ಕಿತಾ? ಹುಡುಗಿಯಾದರೆ ಮುಟ್ಟಿನ ದಿನವನ್ನೂ ಬರೆಯಿರಿ.

ಕೈಕಾಲು ಅದುರಿತು ಎಂದ ಮಾತ್ರಕ್ಕೆ ಅದು ಫಿಟ್ಸ್ ಅಲ್ಲ. ರಕ್ತ ಸಾಲದೆ ಬಿದ್ದಾಗಲೂ ಕೆಲವು ಸೆಕೆಂಡು ಅದುರಬಹುದು. ಅದುರುವುದು ನಿಮಿಷಗಟ್ಟಲೆ ನಡೆದರೆ, ನಾಲಿಗೆಯ ಪಕ್ಕ ಕಚ್ಚಿಕೊಂಡಿದ್ದರೆ, ಎದ್ದ ಮೇಲೂ ತುಂಬ ಹೊತ್ತು ಮಂಕಾಗಿ ಗುರುತು ಸಿಗದೆ ಇದ್ದರೆ ಆಗ ಫಿಟ್ಸ್ ಕಡೆ ಯೋಚಿಸಬೇಕು. ನೋಡಿದ ಟೀಚರ್ ಅಥವಾ ಗೆಳತಿಯ ಹತ್ತಿರ ನೀವೇ ಕೇಳಿ. ಮಗುವಿಗೆ ನಡುವಿನದು ಏನೂ ನೆನಪಿರುವುದಿಲ್ಲ. ಮತ್ತೊಮ್ಮೆ ಆದರೆ, ಮಗುವನ್ನು ಮಲಗಿಸಿದ ಮೇಲೆ ಪಕ್ಕದಲ್ಲಿರುವವರು ಮೊಬೈಲ್‌ನಲ್ಲಿ ವಿಡಿಯೋ ಮಾಡಲಿ.

ಐದು ವರ್ಷದೊಳಗಿನ ಮಗು ಅತ್ತು ಅತ್ತು ಉಸಿರು ಕಟ್ಟಿ ನೀಲಿಯಾಗಿ ಎಚ್ಚರ ತಪ್ಪುವುದು ಬೇರೆಯದೇ ವಿಷಯ. ಅದಕ್ಕೆ ಟಿಲ್ಟ್ ಟೆಸ್ಟ್ ಬೇಡ. ಮಕ್ಕಳ ಡಾಕ್ಟರ ಹತ್ತಿರ ತೋರಿಸಿ, ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ ಇದೆಯಾ ನೋಡಿಸಿ.

2. ಅಪಾಯದ ಗುರುತುಗಳಿದ್ದರೆ ಟೇಬಲ್ ಕಡೆ ಹೋಗಬೇಡಿ

ದಯವಿಟ್ಟು ಈ ಹಂತವನ್ನು ನಿಧಾನವಾಗಿ ಓದಿ. ಕೆಲವೇ ಕೆಲವು ಮಕ್ಕಳು ಹೃದಯದ ಲಯ ಕೆಟ್ಟು ಬೀಳುತ್ತಾರೆ. ಅವರ ಪಾಲಿಗೆ ಒಂದೊಂದು ದಿನವೂ ಮುಖ್ಯ.

ಓಡುವಾಗ, ಆಡುವಾಗ, ಈಜುವಾಗ ಬಿದ್ದರೆ ಅದು ಅಪಾಯದ ಗುರುತು. ಓಟ ಮುಗಿಸಿ ನಿಂತ ಮೇಲೆ ಬೀಳುವುದು ಹೆಚ್ಚಾಗಿ ಸಾಮಾನ್ಯ ಬಗೆಯದೇ, ಆದರೆ ಓಡುತ್ತಿರುವಾಗಲೇ ಬಿದ್ದರೆ ಹಾಗಲ್ಲ. ಅಲಾರಾಂ, ಪಟಾಕಿಯಂಥ ಸದ್ದಿಗೆ ಬೆಚ್ಚಿ ಬಿದ್ದರೆ, ಮಲಗಿದ್ದಾಗಲೇ ಎಚ್ಚರ ತಪ್ಪಿದರೆ, ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದು ಮುಖಕ್ಕೆ ಪೆಟ್ಟಾದರೆ, ಬೀಳುವ ಮುಂಚೆ ಎದೆನೋವು ಅಥವಾ ಎದೆ ಡವಡವ ಇದ್ದರೆ, ಹೃದಯದ ಆಪರೇಷನ್ ಆಗಿದ್ದರೆ ಮೊದಲು ಮಕ್ಕಳ ಹೃದ್ರೋಗ ತಜ್ಞರ ಹತ್ತಿರ ಹೋಗಿ. ಮನೆಯಲ್ಲಿ ಯಾರಾದರೂ ನಲವತ್ತರೊಳಗೆ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದರೆ ಅದನ್ನೂ ಹೇಳಿ. ಈಜು ಬಲ್ಲವನೇ ನೀರಿನಲ್ಲಿ ಮುಳುಗಿ ಹೋದ ಎಂಬ ಹಳೆಯ ಸುದ್ದಿಯೂ ಇದರಲ್ಲಿ ಸೇರುತ್ತದೆ.

ನಮ್ಮ ಕಡೆ ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾಗುವುದು ಇದೆ. ಅಪ್ಪ, ಅಮ್ಮ ಇಬ್ಬರಿಂದಲೂ ಬಂದಾಗ ಕಾಣಿಸಿಕೊಳ್ಳುವ ಕೆಲವು ಹೃದಯದ ಕಾಯಿಲೆಗಳು ಅಂಥ ಮನೆಗಳಲ್ಲಿ ಹೆಚ್ಚು. ಅದರಲ್ಲಿ ಒಂದರಲ್ಲಿ ಮಗುವಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ, ಜೊತೆಗೆ ಹೃದಯದ ಲಯವೂ ಕೆಡುತ್ತದೆ. ಹಾಗಾಗಿ ಕಿವಿ ಕೇಳಿಸದ ಮಗು ಎಚ್ಚರ ತಪ್ಪಿ ಬಿದ್ದರೆ ಅದೇ ವಾರ ಇಸಿಜಿ ಮಾಡಿಸಿ. ಸಂಬಂಧದಲ್ಲಿ ಮದುವೆಯಾಗಿದ್ದರೆ ಮುಚ್ಚಿಡಬೇಡಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

3. ಇಸಿಜಿ, ನಿಲ್ಲಿಸಿ ನೋಡುವ ಬಿಪಿ, ಸ್ವಲ್ಪ ರಕ್ತ ಪರೀಕ್ಷೆ

ಎಚ್ಚರ ತಪ್ಪಿದ ಪ್ರತಿ ಮಗುವಿಗೂ ಒಂದು ಇಸಿಜಿ ಬೇಕೇ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ, ನೋವಿಲ್ಲ. ಅದರಲ್ಲಿ ಕ್ಯೂಟಿ ಅಂತರ ಎಂಬುದಿದೆ. ಒಂದು ಬಡಿತದ ನಂತರ ಹೃದಯದ ವಿದ್ಯುತ್ ಮತ್ತೆ ಅಣಿಯಾಗಲು ಹಿಡಿಯುವ ಸಮಯ ಎಂದುಕೊಳ್ಳಿ. ಅದು ಉದ್ದವಾಗಿದ್ದರೆ ಅಪಾಯ. ಯಂತ್ರ ಛಾಪಿಸಿದ ಅಂಕಿ ಕೆಲವೊಮ್ಮೆ ತಪ್ಪಿರುತ್ತದೆ. "ಕ್ಯೂಟಿ ನೀವೇ ಅಳೆದು ನೋಡಿದ್ರಾ ಸರ್?" ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಓಡುವಾಗ ಬಿದ್ದ ಮಗುವಿಗೆ ಈ ಇಸಿಜಿ ಸರಿಯಿದ್ದರೂ ಸಾಲದು. ಹೃದ್ರೋಗ ತಜ್ಞರು ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿ, ಟ್ರೆಡ್‌ಮಿಲ್ ಮೇಲೆ ಓಡಿಸಿಯೂ ನೋಡಬೇಕಾಗುತ್ತದೆ.

ಮಲಗಿಸಿ ಒಮ್ಮೆ, ನಿಲ್ಲಿಸಿ ಹತ್ತು ನಿಮಿಷದವರೆಗೆ ಆಗಾಗ ಬಿಪಿ ಮತ್ತು ನಾಡಿ ನೋಡುವುದು ಇನ್ನೊಂದು. ಇದಕ್ಕೆ ಗೋಡೆ, ಗಡಿಯಾರ, ಬಿಪಿ ಯಂತ್ರ ಇದ್ದರೆ ಸಾಕು. ಎಷ್ಟೋ ಮಕ್ಕಳಿಗೆ ಉತ್ತರ ಇಲ್ಲಿಯೇ ಸಿಕ್ಕಿಬಿಡುತ್ತದೆ. ರಕ್ತದಲ್ಲಿ ಹಿಮೋಗ್ಲೋಬಿನ್ ನೋಡಿಸಿ.

ಸುಮ್ನೆ ತಲೆಯ ಸ್ಕ್ಯಾನ್ ಮಾಡಿಸಬೇಡಿ. ಇಇಜಿಯೂ, ಅಂದರೆ ಮೆದುಳಿನ ವಿದ್ಯುತ್ ನೋಡುವ ಪರೀಕ್ಷೆ, ಫಿಟ್ಸ್ ಅನುಮಾನ ಇದ್ದರೆ ಮಾತ್ರ ಸರಿ. ಆರೋಗ್ಯವಾಗಿರುವ ಮಕ್ಕಳ ಇಇಜಿಯಲ್ಲೂ ಸಣ್ಣಪುಟ್ಟ ಏರುಪೇರು ಕಾಣಬಹುದು, ಆಮೇಲೆ ಅದರ ಹಿಂದೆಯೇ ಓಡಾಟ ಶುರುವಾಗುತ್ತದೆ.

4. ಹಾಗಾದರೆ ಟಿಲ್ಟ್ ಟೆಸ್ಟ್ ಯಾರಿಗೆ?

ನಿಂತಾಗ ತಲೆ ಸುತ್ತಿ, ಬೆವತು, ಬಿಳಿಚಿಕೊಂಡು ಬಿದ್ದು, ಮಲಗಿದ ಕೂಡಲೇ ಎದ್ದ ಮಗು. ಇಸಿಜಿ ಸರಿಯಿದೆ, ಮನೆತನದಲ್ಲಿ ಏನಿಲ್ಲ. ಈ ಮಗುವಿಗೆ ಟೇಬಲ್ ಬೇಡ. ರೋಗ ಏನೆಂದು ಆಗಲೇ ಗೊತ್ತಾಯಿತು. ಒಂದು ಸಲ ಮಾತ್ರ ಬಿದ್ದಿದ್ದರಂತೂ ಬೇಡವೇ ಬೇಡ.

ಪದೇ ಪದೇ ಬೀಳುತ್ತಿದೆ, ಏನಾಗುತ್ತದೆ ಎಂದು ಸ್ಪಷ್ಟವಾಗಿ ಗೊತ್ತಾಗುತ್ತಿಲ್ಲ, ಫಿಟ್ಸಾ ಅಲ್ಲವಾ ಎಂಬ ಅನುಮಾನ ಬಿಟ್ಟಿಲ್ಲ, ಫಿಟ್ಸ್ ಮಾತ್ರೆ ಕೊಟ್ಟರೂ ನಿಂತಿಲ್ಲ, ಇಲ್ಲವೇ ಮನಸ್ಸಿನ ಒತ್ತಡದಿಂದ ಹೀಗಾಗುತ್ತಿದೆಯಾ ಎಂದು ನೋಡಬೇಕಿದೆ. ಆಗ ಟೇಬಲ್ ನಿಜವಾಗಿಯೂ ನೆರವಾಗುತ್ತದೆ. ಬೆಲ್ಟ್ ಹಾಕಿಸಿಕೊಂಡು ಅಲುಗಾಡದೆ ನಿಲ್ಲಬೇಕಾದ್ದರಿಂದ ತೀರಾ ಚಿಕ್ಕ ಮಕ್ಕಳಿಗೆ ಆಗುವುದಿಲ್ಲ.

5. ಜಾಗ ಮತ್ತು ತಯಾರಿ

ಎಲ್ಲ ಊರಿನಲ್ಲೂ ಈ ಟೇಬಲ್ ಇರುವುದಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳು ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿವೆ. ಅಲ್ಲಾಗಲಿ, ಬೇರೆ ದೊಡ್ಡ ಆಸ್ಪತ್ರೆಯಲ್ಲಾಗಲಿ ಹೊರಡುವ ಮುಂಚೆ ಫೋನ್ ಮಾಡಿ ಕೇಳಿ: ಟಿಲ್ಟ್ ಟೇಬಲ್ ಇದೆಯಾ, ಮಕ್ಕಳಿಗೆ ಮಾಡುತ್ತೀರಾ, ಡಾಕ್ಟರು ಪೂರ್ತಿ ಹೊತ್ತು ಕೋಣೆಯಲ್ಲೇ ಇರುತ್ತಾರಾ, ಔಷಧಿ ಕೊಡುತ್ತೀರಾ, ಕೊಟ್ಟರೆ ಯಾವುದು, ಖರ್ಚೆಷ್ಟು.

ಹಿಂದಿನ ದಿನ ಮಗು ಚೆನ್ನಾಗಿ ನೀರು ಕುಡಿಯಲಿ, ನಿದ್ದೆ ಮಾಡಲಿ. ಪರೀಕ್ಷೆಗೆ ಮುಂಚೆ ಕೆಲವು ಗಂಟೆ ಹೊಟ್ಟೆ ಖಾಲಿ ಇರಬೇಕು, ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ. ಎಷ್ಟು ಹೊತ್ತು, ನೀರು ಕುಡಿಯಬಹುದಾ ಎಂದು ಅವರನ್ನೇ ಕೇಳಿ. ಹಿಂದಿನ ರಾತ್ರಿಯಿಂದಲೇ ಉಪವಾಸ ಕೆಡವಬೇಡಿ. ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ನಿದ್ದೆಯಿಲ್ಲದೆ, ನೀರಿಲ್ಲದೆ ಟೇಬಲ್ ಹತ್ತಿದ ಮಗು ಯಾವ ಕಾಯಿಲೆ ಇಲ್ಲದೆಯೂ ಬೀಳಬಹುದು. ದೂರದಿಂದ ಬರುವವರು ಸಾಧ್ಯವಾದರೆ ಒಂದು ದಿನ ಮುಂಚೆ ಬಂದು ಉಳಿದುಕೊಳ್ಳಿ.

ಕಾಫಿ, ಟೀ ಬೇಡ. ಉಗುರಿನ ಬಣ್ಣ ತೆಗೆದುಬಿಡಿ, ಬೆರಳಿಗೆ ಕ್ಲಿಪ್ ಹಾಕುತ್ತಾರೆ. ಮಗು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಫಿಟ್ಸ್ ಮಾತ್ರೆಯನ್ನಂತೂ ಖಂಡಿತ ಬೇಡ.

ಮಗುವಿಗೆ ಸುಳ್ಳು ಹೇಳಬೇಡಿ. "ಏನೂ ಆಗಲ್ಲ" ಎಂದು ಹೇಳಿ ಕರೆದೊಯ್ದು ಆಮೇಲೆ ಎಚ್ಚರ ತಪ್ಪಿದರೆ ಮಗು ನಿಮ್ಮನ್ನು ನಂಬುವುದು ಬಿಡುತ್ತದೆ. ಹೀಗೆ ಹೇಳಿ ನೋಡಿ: "ಮಂಚದ ಸಮೇತ ನಿನ್ನನ್ನು ನಿಲ್ಲಿಸ್ತಾರೆ ಪುಟ್ಟಾ. ಅವತ್ತು ಶಾಲೇಲಿ ಆದ ಹಾಗೇ ಆಗಬಹುದು. ಆದ್ರೆ ಬೆಲ್ಟ್ ಇರುತ್ತೆ, ಬೀಳಲ್ಲ. ಏನನ್ನಿಸಿದ್ರೂ ತಕ್ಷಣ ಹೇಳು."

6. ಟೇಬಲ್ ಮೇಲೆ

ಮೊದಲು ಮಲಗಿಸುತ್ತಾರೆ. ಕೈಗೆ ಸೂಜಿ ಹಾಕಿದ್ದರೆ ಸುಮಾರು 20 ನಿಮಿಷ ಸುಮ್ಮನೆ ಬಿಡಬೇಕು. ಸೂಜಿಯ ನೋವು, ಭಯದಿಂದಲೇ ಬೀಳುವ ಮಕ್ಕಳಿದ್ದಾರೆ. ಆ ಭಯ ಇಳಿಯುವ ಮುಂಚೆ ಶುರು ಮಾಡಿದರೆ ನೋಡಿದ್ದು ಸೂಜಿಯ ಪರಿಣಾಮವಾಗುತ್ತದೆ. ಆಮೇಲೆ ಟೇಬಲ್ಲನ್ನು 60ರಿಂದ 70 ಡಿಗ್ರಿಗೆ ಎತ್ತುತ್ತಾರೆ. ಪಾದಕ್ಕೆ ಆಸರೆ ಹಲಗೆ ಇರುತ್ತದೆ. ಇಸಿಜಿ ನಿರಂತರ ನಡೆಯುತ್ತದೆ, ಬಿಪಿಯನ್ನು ಆಗಾಗ ಅಥವಾ ಪ್ರತಿ ಬಡಿತಕ್ಕೂ ನೋಡುತ್ತಾರೆ.

ಈ ಹೊತ್ತಿನಲ್ಲಿ ಮಗು ಕಾಲು ಆಡಿಸಬಾರದು. ಮೀನಖಂಡ ಹಿಂಡಿದಾಗಲೆಲ್ಲ ರಕ್ತ ಮೇಲಕ್ಕೆ ಹೋಗಿಬಿಡುತ್ತದೆ, ಪರೀಕ್ಷೆ ಹಾಳಾಗುತ್ತದೆ. ನೀವು ಒಳಗಿದ್ದರೆ ಮಗುವಿಗೆ ಕಾಣುವ ಹಾಗೆ ಕೂತುಕೊಳ್ಳಿ, ಆದರೆ ಮಾತಾಡಿಸಬೇಡಿ. ಔಷಧಿ ಇಲ್ಲದ ಈ ಭಾಗ ಸಾಮಾನ್ಯವಾಗಿ 20 ನಿಮಿಷದಿಂದ 45 ನಿಮಿಷ.

ಇಷ್ಟರಲ್ಲಿ ಏನೂ ಆಗದಿದ್ದರೆ ಮಾತ್ರ ಔಷಧಿಯ ಮಾತು. ಯಾಕೆ ಔಷಧಿ? ಮಗು ಬಿದ್ದ ದಿನ ಬಿಸಿಲಿತ್ತು, ಹಸಿವಿತ್ತು, ಟೀಚರ ಭಯವಿತ್ತು. ತಣ್ಣಗಿನ ಈ ಕೋಣೆಯಲ್ಲಿ ಅದೊಂದೂ ಇಲ್ಲ. ಔಷಧಿ ಆ ದಿನದ ಒತ್ತಡವನ್ನು ಸ್ವಲ್ಪ ಹೊತ್ತು ದೇಹಕ್ಕೆ ತರುತ್ತದೆ.

ಹೆಚ್ಚಾಗಿ ಬಳಸುವುದು ಎರಡು. ಒಂದು ಐಸೋಪ್ರೀನಲಿನ್, ಇದಕ್ಕೆ ಐಸೋಪ್ರೊಟೆರಿನಾಲ್ ಎಂದೂ ಹೆಸರು. ಡ್ರಿಪ್ ಮೂಲಕ ಹನಿಹನಿಯಾಗಿ ಕೊಡುತ್ತಾರೆ. ಭಯವಾದಾಗ ಮೈಯಲ್ಲಿ ಬರುವ ಅಡ್ರಿನಲಿನ್‌ನಂತೆ ಇದು ಕೆಲಸ ಮಾಡುತ್ತದೆ. ನಾಡಿ ಮೊದಲಿಗಿಂತ ಸುಮಾರು ಕಾಲು ಭಾಗ ಹೆಚ್ಚಾಗುವ ಹಾಗೆ ಪ್ರಮಾಣ ಹೊಂದಿಸುತ್ತಾರೆ. ಎದೆ ಡವಡವ, ಕೈ ನಡುಕ ಬರಬಹುದು. ಇನ್ನೊಂದು ನೈಟ್ರೋಗ್ಲಿಸರಿನ್. ಅಜ್ಜನ ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯ ಜಾತಿಯದು. ಮಾತ್ರೆ ಅಥವಾ ಸ್ಪ್ರೇಯಾಗಿ ಕೊಡುತ್ತಾರೆ. ರಕ್ತನಾಳ ಸಡಿಲವಾಗಿ ರಕ್ತ ಕೆಳಗೆ ಇಳಿಯುತ್ತದೆ. ಆಮೇಲೆ ತಲೆನೋವು ಬರುವುದುಂಟು. ಔಷಧಿಯ ನಂತರ ಇನ್ನೊಂದು 15ರಿಂದ 20 ನಿಮಿಷ ನೋಡುತ್ತಾರೆ. ಎರಡರ ಪ್ರಮಾಣವನ್ನೂ ಮಗುವಿಗೆ ತಕ್ಕ ಹಾಗೆ ಡಾಕ್ಟರೇ ನಿರ್ಧರಿಸಬೇಕು. ಮನೆಯಲ್ಲಿರುವ ಅಜ್ಜನ ಮಾತ್ರೆ ಕೊಟ್ಟು ನೋಡುವ ಯೋಚನೆ ಕನಸಿನಲ್ಲೂ ಬೇಡ.

ಔಷಧಿ ಕೊಡುವ ಮುಂಚೆ ಈ ವಿಷಯಗಳನ್ನು ಬಾಯಿಬಿಟ್ಟು ಹೇಳಿ. ಹೃದಯದ ಗೋಡೆ ದಪ್ಪಗಾಗಿದೆ, ಕವಾಟ ಕಿರಿದಾಗಿದೆ, ಕ್ಯೂಟಿ ಉದ್ದವಿದೆ ಎಂದು ಯಾರಾದರೂ ಹೇಳಿದ್ದರೆ, ಅಥವಾ ಮಗು ಓಡುವಾಗ ಬಿದ್ದಿದ್ದರೆ ಐಸೋಪ್ರೀನಲಿನ್ ಅಪಾಯ ತರಬಹುದು. ಶ್ವಾಸಕೋಶದ ಬಿಪಿಗೆ ಸಿಲ್ಡೆನಾಫಿಲ್ ಎಂಬ ಮಾತ್ರೆ ತೆಗೆದುಕೊಳ್ಳುವ ಮಗುವಿಗೆ ನೈಟ್ರೋಗ್ಲಿಸರಿನ್ ಕೊಡಲೇಬಾರದು, ಬಿಪಿ ಪೂರ್ತಿ ಕುಸಿಯುತ್ತದೆ.

ಎಚ್ಚರ ತಪ್ಪಿದರೆ ಕೂಡಲೇ ಟೇಬಲ್ ಮಲಗಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮಗು ಕಣ್ಣು ಬಿಡುತ್ತದೆ. ಪರದೆಯ ಮೇಲೆ ಹೃದಯದ ಗೆರೆ ಕೆಲವು ಸೆಕೆಂಡು ಚಪ್ಪಟೆಯಾಗುವುದನ್ನು ನೀವು ನೋಡಬಹುದು. ಜೀವ ಬಾಯಿಗೆ ಬರುತ್ತದೆ, ನಿಜ. ಅಲ್ಲಿರುವವರು ಅದಕ್ಕೆ ತಯಾರಾಗಿಯೇ ಇರುತ್ತಾರೆ.

7. ವರದಿಯನ್ನು ಓದುವುದು

ಟೇಬಲ್ ಮೇಲೆ ನಾಡಿ, ಬಿಪಿ ಬಿದ್ದು ಮಗು ಕುಸಿದರೆ "ಪಾಸಿಟಿವ್" ಎನ್ನುತ್ತಾರೆ. ಹಾಗೆ ಕಂಡ ಕೂಡಲೇ ತೀರ್ಮಾನ ಬೇಡ. ಮಗುವನ್ನು ಒಂದೇ ಪ್ರಶ್ನೆ ಕೇಳಿ: "ಅವತ್ತು ಆದದ್ದೂ ಇವತ್ತು ಆದದ್ದೂ ಒಂದೇ ಥರಾನಾ?" ಹೌದು ಅಂದರೆ ಮಾತ್ರ ಆ ಪಾಸಿಟಿವ್‌ಗೆ ಬೆಲೆ. ಆರೋಗ್ಯವಾಗಿರುವ ಮಕ್ಕಳನ್ನೂ ಹೀಗೆ ನಿಲ್ಲಿಸಿ ಔಷಧಿ ಕೊಟ್ಟರೆ ಕೆಲವರು ಬೀಳುತ್ತಾರೆ. ಹಾಗಾಗಿ ಔಷಧಿ ಕೊಟ್ಟ ಮೇಲೆ ಬಂದ ಪಾಸಿಟಿವ್ ಅಷ್ಟು ಗಟ್ಟಿಯಾದ ಸಾಕ್ಷಿ ಅಲ್ಲ. ಅದೇ ರೀತಿ "ನೆಗೆಟಿವ್" ಬಂದರೆ ವೇಸೋವೇಗಲ್ ಅಲ್ಲವೇ ಅಲ್ಲ ಎಂದೂ ಅಲ್ಲ.

ವರದಿಯಲ್ಲಿ ಮೂರು ಪದ ಬರಬಹುದು. ಕಾರ್ಡಿಯೋಇನ್‌ಹಿಬಿಟರಿ ಅಂದರೆ ಮುಖ್ಯವಾಗಿ ನಾಡಿ ಬಿದ್ದಿದೆ. ವೇಸೋಡಿಪ್ರೆಸರ್ ಅಂದರೆ ಮುಖ್ಯವಾಗಿ ಬಿಪಿ ಬಿದ್ದಿದೆ. ಮಿಕ್ಸೆಡ್ ಅಂದರೆ ಎರಡೂ. ಹೃದಯ ಮೂರು ಸೆಕೆಂಡಿಗಿಂತ ಹೆಚ್ಚು ನಿಂತಿತು ಎಂದು ಬರೆದಿದ್ದರೂ ಅದೊಂದರಿಂದಲೇ ಮಗುವಿಗೆ ಪೇಸ್‌ಮೇಕರ್ ಬೇಕಾಗುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ಇನ್ನೊಬ್ಬ ಮಕ್ಕಳ ಹೃದ್ರೋಗ ತಜ್ಞರನ್ನು ಕೇಳದೆ ಸಹಿ ಹಾಕಬೇಡಿ.

ನೈಟ್ರೋಗ್ಲಿಸರಿನ್ ಕೊಟ್ಟ ಮೇಲೆ ಬಿಪಿ ನಿಧಾನವಾಗಿ ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ಬಂದರೆ ಅದು ಔಷಧಿಯದೇ ಪರಿಣಾಮ, ಪಾಸಿಟಿವ್ ಅಲ್ಲ. ಎದ್ದು ನಿಂತ ಹತ್ತು ನಿಮಿಷದೊಳಗೆ ಬಿಪಿ ಬೀಳದೆ, ತಲೆ ಸುತ್ತಿನ ಜೊತೆ ನಾಡಿ ಮಲಗಿದ್ದಾಗ ಇದ್ದದ್ದಕ್ಕಿಂತ ನಿಮಿಷಕ್ಕೆ 40 ಬಡಿತ ಅಥವಾ ಅದಕ್ಕೂ ಜಾಸ್ತಿ ಏರಿದರೆ ಪಾಟ್ಸ್ ಎಂಬ ಬೇರೆ ತೊಂದರೆಯನ್ನು ಯೋಚಿಸುತ್ತಾರೆ. ಹದಿಹರೆಯದವರಿಗೆ ಈ 40ರ ಲೆಕ್ಕ. ಇದನ್ನು ಔಷಧಿ ಕೊಡುವ ಮುಂಚಿನ ಭಾಗದಲ್ಲೇ ನೋಡಬೇಕು. ಐಸೋಪ್ರೀನಲಿನ್ ಕೊಟ್ಟ ಮೇಲೆ ಯಾರ ನಾಡಿಯಾದರೂ ಏರುತ್ತದೆ, ಅಲ್ವಾ?

ಮಗು ಕಣ್ಣು ಮುಚ್ಚಿ ಕುಸಿಯಿತು, ಆದರೆ ನಾಡಿ, ಬಿಪಿ ಎರಡೂ ಸರಿಯಿದ್ದವು ಎಂದು ಬಂದರೆ ಮಗು ನಾಟಕ ಮಾಡಿತು ಎಂದು ಬೈಯಬೇಡಿ. ಮನಸ್ಸಿನ ಭಾರ ದೇಹದಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ. ಮಗು ಬೇಕಂತ ಮಾಡುವುದಲ್ಲ. ಶಾಲೆಯಲ್ಲಿ, ಮನೆಯಲ್ಲಿ ಏನು ನೋಯುತ್ತಿದೆ ಎಂದು ಮೆಲ್ಲಗೆ ಕೇಳಿ, ಮಕ್ಕಳ ಮನೋವೈದ್ಯರ ನೆರವು ಪಡೆಯಿರಿ.

8. ಮನೆಗೆ ಬಂದ ಮೇಲೆ

ಆ ದಿನ ಸೈಕಲ್, ಈಜು ಬೇಡ. ವೇಸೋವೇಗಲ್ ಎಂದು ಖಚಿತವಾದರೆ ಹೆಚ್ಚಿನ ಮಕ್ಕಳಿಗೆ ಮಾತ್ರೆ ಬೇಕಾಗುವುದಿಲ್ಲ. ಬೆಳಿಗ್ಗೆ ತಿಂಡಿ ತಪ್ಪಿಸಬಾರದು. ಮೂತ್ರ ತಿಳಿಯಾಗಿ ಹೋಗುವಷ್ಟು ನೀರು ಬೇಕು. ಮಜ್ಜಿಗೆಗೆ ಉಪ್ಪು ಹಾಕಿ ಕೊಡಬಹುದು, ಮಗುವಿಗೆ ಬಿಪಿ ಅಥವಾ ಕಿಡ್ನಿ ತೊಂದರೆ ಇಲ್ಲದಿದ್ದರೆ. ಕಣ್ಣು ಕತ್ತಲೆ ಬರುತ್ತಿದೆ ಅನ್ನಿಸಿದ ಕೂಡಲೇ ಕಾಲು ಅಡ್ಡ ಹಾಕಿ ತೊಡೆ ಬಿಗಿಹಿಡಿಯುವುದು, ಮುಷ್ಟಿ ಬಿಗಿಯುವುದು, ಆಗದಿದ್ದರೆ ಕುಕ್ಕರುಗಾಲಲ್ಲಿ ಕೂತುಬಿಡುವುದು. ಇದನ್ನು ಮನೆಯಲ್ಲಿ ಆಟದ ಹಾಗೆ ಅಭ್ಯಾಸ ಮಾಡಿಸಿ.

ಶಾಲೆಗೆ ಒಂದು ಚೀಟಿ ಬರೆದು ಕೊಡಿ. ತಲೆ ಸುತ್ತುತ್ತಿದೆ ಎಂದಾಗ ಪ್ರಾರ್ಥನೆಯ ಸಾಲಿನಲ್ಲೇ ಕೂತುಕೊಳ್ಳಲು ಬಿಡಲಿ. ಆಗಸ್ಟ್ 15ರ ಕವಾಯತಿನಂಥ ದಿನ ನೆರಳಿನಲ್ಲಿ ನಿಲ್ಲಿಸಲಿ. ಬಿದ್ದರೆ ಎತ್ತಿ ಕುರ್ಚಿಯಲ್ಲಿ ಕೂರಿಸಬಾರದು, ತಲೆಗೆ ರಕ್ತ ಬರುವುದು ತಡವಾಗುತ್ತದೆ. ನೆಲದ ಮೇಲೆ ಮಲಗಿಸಿ ಕಾಲು ಎತ್ತಿ ಹಿಡಿದರೆ ಸಾಕು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಹಾಕುವುದು ಬೇಡ. ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಅಥವಾ ಉಸಿರಾಟ ಸರಿಯಿಲ್ಲದಿದ್ದರೆ 108ಕ್ಕೆ ಕರೆ ಮಾಡಲಿ.

ಮತ್ತೆ ಬಿದ್ದರೆ ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ಪುಟ ಬರೆಯಿರಿ, ಹಳೆಯ ಪುಟದ ಪಕ್ಕ ಇಟ್ಟು ನೋಡಿ. ಈ ಸಲ ಬಿದ್ದ ರೀತಿಯೇ ಬೇರೆ, ಓಡುವಾಗ ಬಿತ್ತು, ಮುನ್ಸೂಚನೆಯೇ ಇರಲಿಲ್ಲ ಅನ್ನಿಸಿದರೆ ಹಳೆಯ ಟಿಲ್ಟ್ ವರದಿ ಹಿಡಿದು ಸುಮ್ಮನೆ ಕೂರಬೇಡಿ. ಎರಡನೇ ಹಂತದಿಂದ ಮತ್ತೆ ಶುರು ಮಾಡಿ.